ಸುಮ್ಮನೆ ಕೂರುವ ಕೆಲಸ

ಬೇಡ ಅಂದಿದ್ದರೂ ಅಕ್ಕ ಅವನ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದಳು. ಮಲಗುವ ಮುಂಚೆಯೇ ಹೇಳಿದ್ದ, ನಾನೇ ಹಾಕಿಕೊಳ್ತೀನಿ, ನೀನು ಮುಟ್ಟಬೇಡ ಅಂತ. ಬೆಳಗ್ಗೆ ಎದ್ದು ಬಂದರೆ ಅಂಗಿ ಕುರ್ಚಿಯ ಬೆನ್ನೇರಿ ಕೂತಿದೆ, ಪಕ್ಕದಲ್ಲಿ ಕಾಲುಚೀಲ, ಅದರ ಪಕ್ಕದಲ್ಲಿ ಮುಚ್ಚಳ ಬಿಗಿದ ಊಟದ ಡಬ್ಬಿ, ನೀರಿನ ಬಾಟಲಿ. ಮೊದಲ ದಿನ ಶಾಲೆಗೆ ಹೋಗುವ ಮಗುವಿಗೆ ಜೋಡಿಸಿಟ್ಟ ಹಾಗೆ. ಇಪ್ಪತ್ತಾರು ತುಂಬಿದ ಗಂಡಸು ನಾನು ಎಂದು ಕಿರುಚಬೇಕೆನಿಸಿತು. ಕಿರುಚಲಿಲ್ಲ, ಯಾಕೆಂದರೆ ಮನೆ ಅಕ್ಕನದು, ದೇಶ ಅಕ್ಕನದು, ಅವನು ಮಲಗುತ್ತಿದ್ದ ಸೋಫಾ ಕೂಡ ಅಕ್ಕನದು. "ನೀನು ಹಾಕಿದ್ರೆ ಕಾಲರ್ ಸುಡ್ತೀಯ ಚೂಟಿ. ಇವತ್ತೊಂದು ದಿನ ನೀಟಾಗಿ ಹೋಗೋ" ಅಂದಳು ಅಡುಗೆಮನೆಯಿಂದ. ಚೂಟಿ ಎನ್ನುವುದು ಅಜ್ಜಿ ಇಟ್ಟ ಹೆಸರು, ಕರೆಯುವ ಮೊದಲೇ ಓಡಿ ಬರುತ್ತಿದ್ದ ಎಂದು. ಭಾವ ಪೇಪರಿನಿಂದ ತಲೆ ಎತ್ತದೆ, "ಅಲ್ಲಪ್ಪ, ಸಂಬಳ ಇಲ್ಲದ ಕೆಲಸಕ್ಕೂ ಪರೀಕ್ಷೆ ಇರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ" ಅಂದ. ಈ ಮಾತನ್ನು ಭಾವ ಮೊದಲ ಸಲ ಹೇಳಿದಾಗ ಅವನು ನಕ್ಕಿದ್ದ. ಅಂದು ನಕ್ಕಿದ್ದೇ ತಪ್ಪಾಯಿತು, ಭಾವ ಅದನ್ನು ಬಿಡುತ್ತಲೇ ಇಲ್ಲ.

ಪರೀಕ್ಷೆ ಅನ್ನುವುದು ಸುಳ್ಳೇನಲ್ಲ. ಊರಾಚೆಯ ವೃದ್ಧಾಶ್ರಮದಲ್ಲಿ ಅವನು ಸ್ವಯಂಸೇವಕನಾಗಿ ಹೋಗಿಬರುತ್ತಿದ್ದ, ಇವತ್ತು ಅದರ ಕೊನೆಯ ದಿನ. ಆ ಸಂಸ್ಥೆಗೆ ಬೇರೆ ಬೇರೆ ದೇಶಗಳಲ್ಲಿ ಇಂಥ ಆಶ್ರಮಗಳಿವೆ. ಭೂಕಂಪದಲ್ಲಿ ಮನೆ ಕಳೆದುಕೊಂಡ ಮುದುಕರಿಗಾಗಿ ಎಲ್ಲೋ ಬೆಟ್ಟದ ನಾಡಿನಲ್ಲಿ ಹೊಸದೊಂದು ತೆಗೆದಿದ್ದಾರೆ, ಅಲ್ಲಿಗೆ ಒಂದು ವರ್ಷಕ್ಕೆ ಹುಡುಗ ಹುಡುಗಿಯರನ್ನು ಕಳಿಸುತ್ತಾರೆ. ಊಟ, ಹಾಸಿಗೆ ಅವರದು. ಅವನನ್ನು ಕಳಿಸುವುದೋ ಇಲ್ಲವೋ ಎಂದು ಇಲ್ಲಿಯ ಮೇಟ್ರನ್ ಸಂಜೆ ಹೇಳುತ್ತಾಳೆ. ಹೂಂ ಅಂದರೆ ಬೆಟ್ಟ. ಊಹೂಂ ಅಂದರೆ ವೀಸಾ ಮುಗಿಯುವ ಮುಂಚೆ ವಿಮಾನ ಹತ್ತಿ, ಅಪ್ಪನ ಎದುರಿಗೆ ಹೋಗಿ ಮತ್ತೆ ನಿಲ್ಲಬೇಕು. ಅಪ್ಪ ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಓದು ಅರ್ಧಕ್ಕೆ ನಿಂತಾಗ, ಅಂಗಡಿಯ ಕೆಲಸ ಬಿಟ್ಟು ಬಂದಾಗ, ಪ್ರತಿಸಲವೂ ಕನ್ನಡಕ ತೆಗೆದು ಒರೆಸುತ್ತ, "ನಿನ್ನ ಕೈಯಲ್ಲಿ ಏನಾಗುತ್ತೆ ಹೇಳಪ್ಪ" ಎಂದು ನಿಜವಾಗಿಯೂ ಉತ್ತರ ಬೇಕೆನ್ನುವವನ ಹಾಗೆ ಕೇಳುತ್ತಿದ್ದ. ಉತ್ತರ ಇತ್ತು. ಹೇಳಲು ನಾಚಿಕೆಯಾಗುತ್ತಿತ್ತು. ಮುದುಕರನ್ನು ನೋಡಿಕೊಳ್ಳುವುದು ನನ್ನ ಕೈಯಲ್ಲಾಗುತ್ತೆ ಎಂದು ಯಾವ ಗಂಡುಮಗ ತಾನೆ ಅಪ್ಪನಿಗೆ ಹೇಳುತ್ತಾನೆ? ಅಜ್ಜಿ ಸೊಂಟ ಮುರಿದುಕೊಂಡು ಮಲಗಿದಾಗ ಅವಳನ್ನು ಎತ್ತಿದ್ದು, ಕೂರಿಸಿದ್ದು, ತಿನ್ನಿಸಿದ್ದು ಅವನು. ಬಂದುಹೋದವರೆಲ್ಲ, ಹೆಣ್ಣುಮಕ್ಕಳೂ ಹೀಗೆ ಮಾಡಲ್ಲ ಬಿಡಿ ಎಂದು ಹೊಗಳಿದ್ದರು. ಅವನ ಬದುಕಿನಲ್ಲಿ ಯಾರಾದರೂ ಹೊಗಳಿದ್ದು ಅದೊಂದಕ್ಕೇ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಸಿಕ್ಕ ಕೂಡಲೇ ಅವನು ಕಿಟಕಿಯ ಕಡೆ ಮುಖ ತಿರುಗಿಸಿ ಗಟ್ಟಿಯಾಗಿ ಕೂತ. ಬಂದ ಹೊಸದರಲ್ಲಿ ಹೀಗೆ ಕೂರುತ್ತಿರಲಿಲ್ಲ. ಬಿಳಿ ಕೂದಲು ಕಂಡರೆ ಸಾಕು, ಸ್ಪ್ರಿಂಗ್ ಬಿಟ್ಟ ಹಾಗೆ ಎದ್ದು ನಿಲ್ಲುತ್ತಿದ್ದ. ಒಬ್ಬಾಕೆ ಅವನನ್ನು ಮೇಲಿಂದ ಕೆಳಗೆ ನೋಡಿ, "ನಾನು ಅಷ್ಟು ಮುದುಕಿ ಥರ ಕಾಣ್ತೀನಾ?" ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಕೇಳಿದ್ದಳು. ಖಾಲಿ ಸೀಟಿನ ಎರಡು ಪಕ್ಕ ಅವರಿಬ್ಬರೂ ಕೊನೆಯ ಸ್ಟಾಪಿನವರೆಗೆ ನಿಂತೇ ಹೋಗಿದ್ದರು. ಅದು ಸಾಲದೆಂಬಂತೆ ರೈಲು ನಿಲ್ದಾಣದ ಮೆಟ್ಟಿಲ ಕಥೆ. ಗಾಲಿ ಚೀಲವನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಏದುಸಿರು ಬಿಡುತ್ತಿದ್ದ ಮುದುಕಿ. ಇವನು ಹಿಂದಿನಿಂದ ಬಂದವನೇ ಚೀಲ ಎತ್ತಿಕೊಂಡು ಇಳಿಯತೊಡಗಿದ. ಅವಳು ಕಳ್ಳ ಕಳ್ಳ ಎಂದು ಕೂಗಿಕೊಂಡ ರೀತಿಗೆ ಮೆಟ್ಟಿಲ ಮೇಲಿದ್ದವರೆಲ್ಲ ಕಲ್ಲಾಗಿ ನಿಂತರು. ಚೀಲ ಕೆಳಗಿಟ್ಟು ಎರಡೂ ಕೈ ಮೇಲೆತ್ತಿ ಅವನೂ ನಿಂತ, ಕಾವಲುಗಾರ ಬರುವವರೆಗೆ. ಭಾವ ಈ ಕಥೆಯನ್ನು ಮನೆಗೆ ಬಂದ ಅತಿಥಿಗಳಿಗೆಲ್ಲ ಎದ್ದು ನಿಂತು ಅಭಿನಯಿಸಿ ತೋರಿಸುತ್ತಾನೆ. ಕೈ ಮೇಲೆತ್ತುವ ಜಾಗದಲ್ಲಿ ಅಕ್ಕನೂ ನಗುತ್ತಾಳೆ. ಆಮೇಲೆ ಇವನ ತಟ್ಟೆಗೆ ಇನ್ನಷ್ಟು ಬಡಿಸುತ್ತಾಳೆ, ಕೇಳದೆ.

ಕೇಳದೆ ಮಾಡಬೇಡಿ. ಮೇಟ್ರನ್ ಮೊದಲ ದಿನವೇ ಹೇಳಿದ್ದು ಅದೇ. "ಅವರು ಕೇಳಿದ್ರೆ ಮಾಡಿ. ಕೇಳದೆ ಮಾಡಬೇಡಿ. ಒಂದು ಕೆಲಸ ನೀವು ಮಾಡಿಕೊಟ್ಟರೆ ಆ ಕೆಲಸ ಅವರ ಕೈಯಿಂದ ಹೋಯ್ತು ಅಂತ ತಿಳ್ಕೊಳ್ಳಿ. ಮತ್ತೆ ಬರಲ್ಲ." ಒಳ್ಳೆಯ ಹೆಂಗಸು, ಒರಟು ಸ್ವಭಾವವಲ್ಲ. ಆದರೆ ಅವಳ ರಬ್ಬರ್ ಚಪ್ಪಲಿ ಸದ್ದೇ ಮಾಡುವುದಿಲ್ಲ, ಯಾವಾಗ ಬಾಗಿಲಲ್ಲಿ ಬಂದು ನಿಂತಿರುತ್ತಾಳೋ ದೇವರಿಗೇ ಗೊತ್ತು. ಅವನು ಲೋಟ ಹತ್ತಿರ ಸರಿಸುವುದನ್ನು ನೋಡಿದಳು. ಚಮಚ ಎತ್ತಿ ಬಾಯಿಗೆ ಹಿಡಿಯುವುದನ್ನು ನೋಡಿದಳು. "ನಿಮಗೆ ಕೈ ತಡೆಯೋಕೆ ಆಗದಿದ್ರೆ ತೊಡೆಯ ಕೆಳಗೆ ಇಟ್ಟುಕೊಂಡು ಕೂತ್ಕೊಳ್ಳಿ" ಅಂದಳು, ಎಲ್ಲರೆದುರು. ಆಮೇಲೊಂದು ದಿನ ಡ್ರೈವರ್ ಅಜ್ಜನ ಕಾಲಿಗೆ ಚಪ್ಪಲಿ ತೊಡಿಸುತ್ತ ಸಿಕ್ಕಿಬಿದ್ದಾಗ, "ಅವರೇ ಕೇಳಿದ್ರು ಮೇಡಂ" ಎಂದುಬಿಟ್ಟ. ಅಜ್ಜ ಕೇಳಿರಲಿಲ್ಲ. ಮರುದಿನ ಕಂಬಳಿ ಹೊದಿಸುವಾಗಲೂ ಅದೇ ಮಾತು ಬಾಯಿಗೆ ಬಂತು. ಮೇಟ್ರನ್ ಅಜ್ಜನ ಕಡೆ ನೋಡಿದಳು, ಅಜ್ಜ ಚಾವಣಿಯ ಕಡೆ ನೋಡಿದ. "ಇನ್ನೊಂದು ಸಲ 'ಅವರೇ ಕೇಳಿದ್ರು' ಅನ್ನೋದು ನನ್ನ ಕಿವಿಗೆ ಬಿದ್ರೆ, ಅಲ್ಲಿಗೆ ಮುಗೀತು" ಅಂದಳು ಮೇಟ್ರನ್. ಇವನ ಜತೆ ಬರುತ್ತಿದ್ದ ಉದ್ದನೆಯ ಹುಡುಗಿಯೊಬ್ಬಳಿದ್ದಾಳೆ. ಅವಳು ಏನೆಂದರೆ ಏನೂ ಮಾಡುವುದಿಲ್ಲ. ಅಜ್ಜಿಯೊಬ್ಬಳ ಪಕ್ಕ ಕೂತು ಕಿಟಕಿಯಾಚೆ ನೋಡುತ್ತ ಕೂದಲ ತುದಿ ತಿರುವುತ್ತಿರುತ್ತಾಳೆ, ಅಷ್ಟೇ. ಅವಳ ಹೆಸರು ಆಗಲೇ ಹೋಗಿಯಾಗಿದೆ, ಎಲ್ಲರಿಗಿಂತ ಮೊದಲು. ಸೋಮಾರಿತನಕ್ಕೂ ಇಷ್ಟು ಬೆಲೆ ಬರುವ ಜಾಗ ಭೂಮಿಯ ಮೇಲೆ ಇದೊಂದೇ ಇರಬೇಕು ಎಂದು ಅವನಿಗೆ ಹೊಟ್ಟೆ ಉರಿಯಿತು.

ಡ್ರೈವರ್ ಅಜ್ಜ ಎಂದು ಅವನೇ ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರು. ಮುದುಕ ಆಯುಷ್ಯವೆಲ್ಲ ಊರ ಬಸ್ಸು ಓಡಿಸಿದವನು. ಲಕ್ವ ಹೊಡೆದು ಬಲಗೈ ಅರ್ಧ ಸತ್ತಿತ್ತು, ಎಡಗೈ ನಡುಗುತ್ತಿತ್ತು, ನಾಲಿಗೆ ಮಾತ್ರ ಚುರುಕಾಗಿತ್ತು. ಇವತ್ತು ಒಳಗೆ ಹೋಗುವ ಹೊತ್ತಿಗೆ ಮಂಚದ ಅಂಚಿನಲ್ಲಿ ಬಿಳಿ ಅಂಗಿ ತೊಟ್ಟು ಕೂತಿದ್ದ, ಎದೆ ತೆರೆದಿತ್ತು. ದಿನಾ ತಲೆಯಿಂದ ಎಳೆದುಕೊಳ್ಳುವ ಬನಿಯನ್ ಗೋಡೆಗೆ ನೇತುಬಿದ್ದಿತ್ತು. "ಮಗಳು ಬರ್ತಾಳೆ ಮರಿ, ಇವತ್ತು" ಅಂದ. ಗೊತ್ತಿತ್ತು, ವಾರದಿಂದ ಅದೇ ಮಾತು. ಮಗಳ ಮನೆಯಲ್ಲಿ ಕೆಳಗಡೆ ಒಂದು ಕೋಣೆ ಖಾಲಿಯಿದೆ, ಕಿಟಕಿಯಿಂದ ಬಸ್ಸು ತಿರುಗುವ ಜಾಗ ಕಾಣುತ್ತದೆ. ಅಪ್ಪ ತನ್ನ ಕೆಲಸ ತಾನು ಮಾಡಿಕೊಳ್ಳುವ ಹಾಗಿದ್ದರೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾಳೆ. ನೋಡಿ ನಿರ್ಧಾರ ಮಾಡಲು ಬರುತ್ತಿದ್ದಾಳೆ. "ಗುಂಡಿ ಅಂಗೀಲೇ ಕಾಣಿಸ್ಕೋಬೇಕು. ತಿಳೀತಾ? ಬನಿಯನ್ನು ಯಾರು ಬೇಕಾದ್ರೂ ಹಾಕ್ಕೋತಾರೆ." ಅವನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಎರಡೂ ಅಂಗೈ ತೊಡೆಯ ಕೆಳಗೆ ತಳ್ಳಿದ. ಮೇಟ್ರನ್ ಬಾಗಿಲ ಬಳಿ ಯಾರೊಂದಿಗೋ ಮಾತಾಡುತ್ತ ನಿಂತಿದ್ದಳು, ಅರ್ಧ ಬೆನ್ನು, ಅರ್ಧ ಕಣ್ಣು.

ಮೊದಲ ಗುಂಡಿ. ಎಡಗೈಯ ಹೆಬ್ಬೆರಳು ಗುಂಡಿಯನ್ನು ಹುಡುಕಿತು, ಸಿಕ್ಕಿತು, ಕಾಜಾದ ಅಂಚಿಗೆ ತಂದಿತು, ನಡುಗಿತು, ಗುಂಡಿ ಜಾರಿತು. ಮತ್ತೆ ಹುಡುಕಿತು. ಇದಕ್ಕೆ ಎರಡು ಕ್ಷಣ ಸಾಕು, ನನ್ನ ಕೈಗೆ ಎರಡೇ ಕ್ಷಣ ಎಂದು ಅವನ ಬೆರಳುಗಳು ಕುರ್ಚಿಯ ಹಲಗೆಯನ್ನು ಗೀರತೊಡಗಿದವು. ಇದು ಕರುಣೆಯೋ ಸಿಟ್ಟೋ ಅವನಿಗೇ ಗೊತ್ತಾಗಲಿಲ್ಲ. ಸಿಟ್ಟೇ ಇರಬೇಕು. ಅಜ್ಜ ಬೇಕೆಂದೇ ನಿಧಾನ ಮಾಡುತ್ತಿದ್ದಾನೆ, ನನ್ನನ್ನು ಆಡಿಸುತ್ತಿದ್ದಾನೆ ಎನ್ನಿಸಿತು. ಒಂದು ಕ್ಷಣ ಎದ್ದು ಆ ಕೈಯನ್ನು ಪಕ್ಕಕ್ಕೆ ಬಡಿದು ಪಟಪಟನೆ ಎಲ್ಲ ಗುಂಡಿ ಹಾಕಿಬಿಡುವ ಹಾಗೆ ಮೈ ಮುಂದೆ ಬಾಗಿತು. ಅಂದೂ ಹೀಗೇ ಬಾಗಿದ್ದ. ಕೊಡು ಅಜ್ಜಿ ಇಲ್ಲಿ, ನಾನು ಬಾಚ್ತೀನಿ. ಅಜ್ಜಿ ದಿಂಬಿಗೆ ಒರಗಿ ತನ್ನ ಕೂದಲಿಗೆ ತಾನೇ ಬಾಚಣಿಗೆ ಹಾಕಲು ನೋಡುತ್ತಿದ್ದಳು, ಒಂದು ಎಳೆ ಕೈಗೆ ಸಿಕ್ಕಿತ್ತು, ಉಳಿದದ್ದು ಸಿಕ್ಕಿರಲಿಲ್ಲ. ಅವನು ಬಾಚಣಿಗೆ ತೆಗೆದುಕೊಂಡ. ಅವಳು ಬಿಟ್ಟುಕೊಟ್ಟಳೋ ಅವನು ಕಿತ್ತುಕೊಂಡನೋ, ಈಗ ಎಷ್ಟು ನೆನೆಸಿಕೊಂಡರೂ ಆ ಒಂದು ಚೂರು ಕಣ್ಣಿಗೆ ಬರುವುದಿಲ್ಲ. "ನನಗೆ ಯಾಕಪ್ಪ ಇನ್ನು ಕೈ, ಎಲ್ಲಾ ನಮ್ಮ ಚೂಟಿ ಹತ್ರಾನೇ ಇದೆಯಲ್ಲ" ಅಂದಿದ್ದಳು, ಬಂದವರೆದುರು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳಾ? ನಕ್ಕಿರಬೇಕು. ಆಮೇಲೆ ಅವಳು ಬಾಚಣಿಗೆ ಮುಟ್ಟಿದ್ದನ್ನು ಅವನು ನೋಡಲಿಲ್ಲ, ಅದು ನಿಜ. ಆದರೆ ವಯಸ್ಸಾಗಿತ್ತು, ಹೇಗೂ ಮುಟ್ಟುತ್ತಿರಲಿಲ್ಲ. ಆ ಮೇಟ್ರನ್ ಬಾಯಲ್ಲಿ ಬಂದ ಒಂದು ಮಾತಿಗೆ ತನ್ನ ಅಜ್ಜಿಯನ್ನು ಯಾಕೆ ಎಳೆದು ತರಬೇಕು? ಎದುರಿಗೆ ಗುಂಡಿ ಒಳಗೆ ಹೋಗಿತ್ತು. ಅಜ್ಜ ಉಸಿರು ಬಿಟ್ಟು, "ಒಂದು ಸ್ಟಾಪ್ ಆಯ್ತು" ಅಂದ.

ನಗು ಬಂದುಬಿಟ್ಟಿತು. ಅಜ್ಜನೂ ನಕ್ಕ, ಒಂದು ಕಡೆಯ ತುಟಿಯಲ್ಲಿ. ಎರಡನೆಯದಕ್ಕೆ ಕೈ ಹಾಕುತ್ತ, "ನಮ್ಮ ಕಾಲದಲ್ಲಿ ಕಂಡಕ್ಟರ್ ಒಬ್ಬ ಇದ್ದ. ನಿನ್ನ ಥರಾನೇ, ಬಿಟ್ಟ ಬಾಣ. ಜನ ಇಳಿಯೋಕೆ ಮುಂಚೆ ಕೈ ಹಿಡಿದು ಇಳಿಸ್ತಿದ್ದ. ಬಿದ್ದವರೇ ಜಾಸ್ತಿ" ಅಂದ. ಅವನಿಗೆ ಚುರುಕ್ಕೆಂದಿತು, ಆದರೂ ಒಂದು ಥರ ಹಗುರವಾಯಿತು. ಕೈಗಳು ತೊಡೆಯಡಿಯಲ್ಲಿ ಮರಗಟ್ಟಿಹೋಗಿದ್ದವು. ಕಿಟಕಿಯ ಬೆಳಕು ಹಾಸಿಗೆಯಿಂದ ನೆಲಕ್ಕೆ ಇಳಿದಿತ್ತು. ಹಾಗೆ ನೋಡುತ್ತ ನೋಡುತ್ತ ಅವನಿಗೆ ಗೊತ್ತಾಯಿತು, ಎರಡನೆಯ ಗುಂಡಿ ಮೂರನೆಯ ಕಾಜಾದೊಳಗೆ ಹೋಗಿದೆ. ಅಲ್ಲಿಂದ ಕೆಳಗೆ ಎಲ್ಲವೂ ಒಂದೊಂದು ಹೆಜ್ಜೆ ತಪ್ಪಿಕೊಂಡೇ ಹೋಗುತ್ತವೆ. ನಾಲಿಗೆ ತುದಿಗೆ ಬಂತು. ಹೇಳುವುದೂ ಮಾಡಿಕೊಟ್ಟ ಹಾಗೆ ಆಗುತ್ತದಾ? ಮೇಟ್ರನ್ ಅದನ್ನು ಹೇಳಿರಲಿಲ್ಲ. ಕೇಳಬಹುದಿತ್ತು, ಬಾಗಿಲಲ್ಲೇ ಇದ್ದಾಳೆ. ಕೇಳಿದರೆ ಇಷ್ಟು ದಿನವಾದರೂ ಇದೂ ಗೊತ್ತಾಗಿಲ್ಲವಾ ಎನ್ನುತ್ತಾಳೇನೋ. ಹೀಗೆ ಲೆಕ್ಕ ಹಾಕುತ್ತ ಕೂತಿದ್ದಾಗಲೇ ಅಜ್ಜ ಮೂರನೆಯದನ್ನೂ ನಾಲ್ಕನೆಯದನ್ನೂ ಗೆದ್ದು, ಬೆವರಿ, ಹೆಮ್ಮೆಯಿಂದ ಗಲ್ಲ ಎತ್ತಿದ.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು. ಅಜ್ಜನ ಕಣ್ಣು ಕಿಟಕಿಗೆ ಹೋಗಿ ಬಂತು. ಗಲ್ಲ ಎತ್ತಿದಾಗ ಅಂಗಿ ಕುತ್ತಿಗೆಯ ಹತ್ತಿರ ಉಬ್ಬಿ ಬಂದದ್ದು, ಕೆಳಗೆ ಒಂದು ಮೂಲೆ ಉದ್ದವಾಗಿ ಜೋತಿದ್ದು ಅಜ್ಜನಿಗೂ ಈಗ ತಿಳಿಯಿತು. ನಡುಗುವ ಕೈಯಿಂದ ಅಂಗಿಯ ಮೇಲೆಲ್ಲ ತಡವಿಕೊಂಡ. ಮುಖದ ಬಣ್ಣ ಇಳಿಯಿತು. ನಗು, ಕೀಟಲೆ ಯಾವುದೂ ಇರಲಿಲ್ಲ ಅಲ್ಲಿ. ಮುಂದಕ್ಕೆ ಬಾಗಿ, ಬಾಗಿಲಿನವರೆಗೆ ಹೋಗದಷ್ಟು ಮೆಲ್ಲಗೆ ಅಂದ: "ಮರಿ, ತಪ್ಪಿದೆ ಕಣೋ. ಅವಳು ಬಂದ್ಲು. ಬೇಗ ಸರಿ ಮಾಡು." ಅಜ್ಜ ಇಷ್ಟು ದಿನದಲ್ಲಿ ಅವನನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲು. ಎರಡೇ ಕ್ಷಣ. ಅವನ ಕೈ ತೊಡೆಯ ಕೆಳಗಿನಿಂದ ಬಂದೇ ಬಿಟ್ಟಿತ್ತು, ಅರ್ಧ. ಆಗ ಬಾಗಿಲಲ್ಲಿ ಮಾತು ನಿಂತಿತು. ಮೇಟ್ರನ್ ಈ ಕಡೆ ತಿರುಗಿದ್ದಾಳೆ, ನೋಡದೆಯೂ ಗೊತ್ತಾಯಿತು ಅವನಿಗೆ, ಬೆನ್ನಿಗೆ ಬಿಸಿ ತಾಗಿದ ಹಾಗೆ. ಈಗ ಮುಟ್ಟಿದರೆ ಅವಳು ಏನೆಂದು ಕೇಳುತ್ತಾಳೆ. ಅವರೇ ಕೇಳಿದ್ರು ಮೇಡಂ. ಆ ಮಾತನ್ನು ಅವನು ಆಗಲೇ ಎರಡು ಸಲ ಖರ್ಚು ಮಾಡಿಕೊಂಡಿದ್ದ. ಅಜ್ಜ ಹೌದು ನಾನೇ ಕೇಳಿದೆ ಅಂದಾನು. ಅನ್ನದೇ ಹೋದರೆ? ಮಗಳೆದುರು ಅಭಿಮಾನಕ್ಕೆ ಬಿದ್ದು ಅನ್ನದೇ ಹೋದರೆ? ಬೆಟ್ಟದ ನಾಡು, ಅಪ್ಪನ ಕನ್ನಡಕ, ಭಾವನ ಮೇಲೆತ್ತಿದ ಕೈ ಎಲ್ಲ ಒಟ್ಟಿಗೆ ಕಣ್ಣಿಗೆ ಬಂದವು. ಅವನು ಕೈಯನ್ನು ಮತ್ತೆ ತೊಡೆಯ ಕೆಳಗೆ ತುರುಕಿ ಕಿಟಕಿಯಾಚೆ ನೋಡಿದ. ಉದ್ದನೆಯ ಹುಡುಗಿ ನೋಡುತ್ತಿದ್ದಳಲ್ಲ, ಹಾಗೆ. ಏನೂ ಕಿವಿಗೆ ಬೀಳದವನ ಹಾಗೆ. "ಮರಿ" ಎಂದು ಇನ್ನೊಂದು ಸಲ ಕರೆದ ಅಜ್ಜ. ಅಂಗಳದಲ್ಲಿ ಯಾರೋ ಹೊದಿಕೆ ಒಣಹಾಕುತ್ತಿದ್ದರು. ಅವನು ಆ ಹೊದಿಕೆಯನ್ನೇ ನೋಡಿದ.

ಮಗಳು ದಡೂತಿ ಹೆಂಗಸು, ಮೆಟ್ಟಿಲು ಹತ್ತಿ ಸುಸ್ತಾಗಿದ್ದಳು, ಕೈಯಲ್ಲಿ ಹಣ್ಣಿನ ಚೀಲ. ಬಂದವಳೇ ಅಪ್ಪನನ್ನು ತಬ್ಬಿಕೊಂಡು, ಹಿಂದೆ ಸರಿದು ನೋಡಿದಳು. ನೋಡಿದ ಕಣ್ಣು ಅಂಗಿಯ ಮೇಲೆ ನಿಂತಿತು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. "ಅಪ್ಪಾ, ಏನಿದು..." ಎಂದು ಗುಂಡಿಗೆ ಕೈ ಹಾಕಿದಾಗ ಅಜ್ಜ ಅವಳ ಕೈ ತಳ್ಳಿಹಾಕಿ, "ಬಿಡು, ಇರಲಿ" ಅಂದ. "ಯಾರೂ ನೋಡಲಿಲ್ವಾ ಇದನ್ನ? ಇಷ್ಟು ಜನ ಇದೀರಲ್ಲ?" ಎಂದು ಅವಳು ಕೋಣೆಯನ್ನೆಲ್ಲ ನೋಡುತ್ತ ಕೇಳಿದಳು. ಈಗ ಹೇಳುತ್ತಾನೆ, ಈಗ ಬೆರಳು ಮಾಡಿ ತೋರಿಸುತ್ತಾನೆ ಎಂದು ಅವನು ಉಸಿರು ಹಿಡಿದ. "ನನಗೇ ತಿಳೀಲಿಲ್ಲ" ಅಂದ ಅಜ್ಜ, ಇವನ ಕಡೆ ತಿರುಗದೆ. ಆಮೇಲೆ ಕೆಳಗಿನ ಕೋಣೆಯ ಮಾತು ಬಂತು. ನಾನು ಕೆಲಸಕ್ಕೆ ಹೋದ ಮೇಲೆ ಮನೇಲಿ ಯಾರೂ ಇರಲ್ಲಪ್ಪ, ಗ್ಯಾಸು ಇದೆ, ಮೆಟ್ಟಿಲಿದೆ, ಇನ್ನೂ ಸ್ವಲ್ಪ ದಿನ ಇಲ್ಲೇ ಇರು, ಕೈ ಸ್ವಲ್ಪ ಸರಿಹೋಗಲಿ, ಬೇಸಿಗೆಗೆ ನೋಡೋಣ. ನೋಡೋಣ ಎಂಬುದನ್ನು ಅವಳು ತುಂಬ ಸಲ ಹೇಳಿದಳು. ಅಜ್ಜ ಪ್ರತಿಸಲವೂ ಹೂಂ ಅಂದ. ಅವನು ಅದೇ ಕುರ್ಚಿಯಲ್ಲಿ ಕೂತೇ ಇದ್ದ, ಎದ್ದುಹೋಗು ಎಂದು ಯಾರಾದರೂ ಹೇಳಬಾರದೇ ಎಂದು ಕಾಯುತ್ತ.

ಸಂಜೆ ಮೇಟ್ರನ್ ತನ್ನ ಕೋಣೆಗೆ ಕರೆದು, ಎದುರಿಗೆ ಕೂರಿಸಿ, ನಕ್ಕಳು. ಅವಳು ಹೀಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ. "ನಾನು ಬಾಗಿಲಲ್ಲೇ ಇದ್ದೆ. ಎಲ್ಲಾ ನೋಡಿದೆ. ಅಂಗಿ ಸೊಟ್ಟ ಆಗ್ತಾ ಇದ್ದಿದ್ದು ನಿಮಗೂ ಕಾಣಿಸ್ತಿತ್ತು, ನಿಮ್ಮ ಕೈ ಒಂದ್ಸಲ ಎದ್ದೂ ಬಿಡ್ತು. ಆದ್ರೂ ತಡ್ಕೊಂಡ್ರಿ. ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಮಗಳಿಗೆ ಬೇಜಾರಾಯ್ತು, ನಿಜ. ಆದ್ರೆ ಆ ನಾಲ್ಕು ಗುಂಡಿ ಅವರದ್ದೇ. ಹೋಗಿ ಬನ್ನಿ, ನಿಮ್ಮ ಹೆಸರು ಕಳಿಸ್ತೀನಿ." ಈಗ ಬಾಯಿ ಬಿಡಬೇಕು. ಅವರು ಕೇಳಿದ್ದರು ಮೇಡಂ, ನಿಜವಾಗಿ ಕೇಳಿದ್ದರು. ಅಷ್ಟು ಹೇಳಬೇಕು. ಮೇಜಿನ ಮೇಲೆ ಒಂದು ಗಾಜಿನ ಬೋಗುಣಿಯಲ್ಲಿ ಪಿನ್ನುಗಳಿದ್ದವು. "ಥ್ಯಾಂಕ್ಸ್ ಮೇಡಂ" ಎಂಬ ಮಾತು ಬಂತು, ಚೆನ್ನಾಗಿ, ಸ್ಪಷ್ಟವಾಗಿ. ಕಾರಿಡಾರಿನಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿದ. ಅವಳು ಕಿರುಚಿಕೊಂಡು, ಹಾಗೇ ಅಪ್ಪನನ್ನೂ ಅದೇ ಕರೆಗೆ ಸೇರಿಸಿದಳು. ಅಪ್ಪ, "ನಿನ್ನ ಕೈಯಲ್ಲಿ ಆಗುತ್ತೆ ಅಂತ ನನಗೆ ಗೊತ್ತಿತ್ತಪ್ಪ" ಅಂದ. ಗೊತ್ತಿರಲಿಲ್ಲ, ಹಸಿ ಸುಳ್ಳು. ಆದರೆ ಇಂಥದ್ದೊಂದು ಸುಳ್ಳಿಗಾಗಿ ಅವನು ಎಷ್ಟು ವರ್ಷ ಕಾದಿದ್ದನೆಂದರೆ, ಕಣ್ಣಲ್ಲಿ ನೀರು ಬಂತು. ಹೂಂ ಅಪ್ಪ, ಹೂಂ ಎನ್ನುತ್ತ ಗೋಡೆಗೆ ಹಣೆ ಒತ್ತಿ ನಿಂತ.

ಹಾಗೇ ಹೊರಟುಹೋಗಬಹುದಿತ್ತು. ಬಸ್ಸಿಗೆ ಹೊತ್ತಾಗಿತ್ತು, ಚೀಲ ಹೆಗಲಲ್ಲೇ ಇತ್ತು. ಕಾಲು ಮಾತ್ರ ಆ ಕೋಣೆಗೆ ಹೋಯಿತು. ಅಜ್ಜ ಮಂಚದ ಅಂಚಿನಲ್ಲಿ ಅದೇ ಸೊಟ್ಟ ಅಂಗಿಯಲ್ಲಿ ಕೂತಿದ್ದ. ಹಣ್ಣಿನ ಚೀಲ ಬಿಚ್ಚದೆ ಪಕ್ಕದಲ್ಲಿತ್ತು. ದೀಪ ಹಾಕಿರಲಿಲ್ಲ. ಅವನು ಚೀಲ ಕೆಳಗಿಟ್ಟು, ಅಜ್ಜನ ಎದುರಿಗೆ ಮಂಡಿಯೂರಿ, ಎರಡೂ ಕೈ ಆ ಮೊದಲ ಗುಂಡಿಯವರೆಗೆ ಒಯ್ದು, "ನಾನು ಬಿಚ್ಚಿಕೊಡ್ಲಾ ಅಜ್ಜ?" ಅಂದ.

"ಈಗ ಬೇಡ" ಅಂದ ಅಜ್ಜ.

ಸಿಟ್ಟಿನಿಂದ ಹೇಳಿದ್ದಲ್ಲ. ಅವನ ಕೈಗಳನ್ನು ತನ್ನ ಎಡಗೈಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಾನೇ ಗುಂಡಿ ಹುಡುಕತೊಡಗಿದ. ಬಿಚ್ಚುವುದು ಹಾಕುವುದಕ್ಕಿಂತ ಸುಲಭವಿರಬೇಕು, ಆದರೂ ಹೊತ್ತು ಹಿಡಿಯಿತು. ಅವನು ಮಂಡಿಯ ಮೇಲೇ ಇದ್ದ. ಏನಾದರೂ ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದ. ಮೊದಲ ಗುಂಡಿ ಹೊರಬಂದ ಮೇಲೆ ಅಜ್ಜ ತಲೆ ಎತ್ತದೆ ಕೇಳಿದ, "ನಿನಗೆ ಸಿಕ್ತಂತಲ್ಲ?"

"ಹೂಂ. ಯಾರು ಹೇಳಿದ್ರು?"

"ಮೇಟ್ರನ್. ಆಗ್ಲೇ ಬಂದಿದ್ಲು. ಅಲ್ಲಿ ನನ್ನಂಥೋರೇ ಇರ್ತಾರಂತೆ, ಮನೆ ಬಿದ್ದುಹೋದೋರು. ಈ ಹುಡುಗನ್ನ ಕಳಿಸಬಹುದಾ ಅಂತ ನನ್ನನ್ನೇ ಕೇಳಿದ್ಲು."

"ನೀವೇನಂದ್ರಿ ಅಜ್ಜ?"

"ಒಂದು ಬೆರಳೂ ತಾಗಿಸಲ್ಲ, ಕಳಿಸಿ ಅಂದೆ."

ಅಷ್ಟು ಹೇಳಿ ಅಜ್ಜ ಮುಂದಿನ ಗುಂಡಿಗೆ ಕೈ ಹಾಕಿದ.